ನೆಲ ಕುಡಿದ ನೀರಿನ ಲೆಕ್ಕ

ಹೈದರಾಬಾದ್ ನಗರದ ನಟ್ಟನಡುವೆ ಇರುವ ಅಬಿಡ್ಸ್ ಪೇಟೆಯು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಎಂಬಾತನ ಅಂಗಡಿಯಿಂದ ತನ್ನ ಹೆಸರನ್ನು ಪಡೆದದ್ದು. ಇಂದು ಅದು ದೊಡ್ಡ ಅಂಚೆ ಕಚೇರಿಗೆ, ಸಾಲುಸಾಲಾದ ಬಟ್ಟೆಯಂಗಡಿಗಳಿಗೆ, ಭಾನುವಾರಗಳಂದು ಕಾಲುದಾರಿಯ ಮೇಲೆ ಹರಡಿಕೊಳ್ಳುವ ಹಳೆಯ ಪುಸ್ತಕಗಳ ಸಂತೆಗೆ ಹೆಸರಾಗಿದೆ. ಹೊಲವಾಗಲಿ ಕಾಲುವೆಯಾಗಲಿ ಕಣ್ಣಿಗೆ ಬೀಳದ ಈ ಪೇಟೆಯಿಂದ ನೀರಾವರಿಯ ಪ್ರಸ್ತಾಪವನ್ನು ಆರಂಭಿಸುವುದಕ್ಕೆ ಕಾರಣವುಂಟು. ಈ ನಗರವು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಕೃಷ್ಣೆಯದು. ನಾಗಾರ್ಜುನಸಾಗರದ ಹಿನ್ನೀರಿನಿಂದ ಮೇಲೆತ್ತಿ, ಅಕ್ಕಂಪಲ್ಲಿಯ ಜಲಾಶಯದಲ್ಲಿ ತಂಗಿಸಿ, ಶುದ್ಧಗೊಳಿಸಿ, ನೂರು ಕಿಲೋಮೀಟರಿಗೂ ಮಿಕ್ಕಿದ ಕೊಳವೆಗಳ ಮೂಲಕ 2004ರಿಂದ ಇಲ್ಲಿಗೆ ತರುತ್ತಿರುವ ನೀರು ಅದು. ಶ್ರೀಶೈಲಕ್ಕೆ ಮುನ್ನವೇ ಕೃಷ್ಣೆಯನ್ನು ಕೂಡಿಕೊಳ್ಳುವ ತುಂಗಭದ್ರೆಯ ನೀರೂ ಅದರಲ್ಲಿ ಬೆರೆತಿದೆ. ಆ ತುಂಗಭದ್ರೆಯ ನೀರಿನಲ್ಲಿ, ಮುನಿರಾಬಾದಿನ ಅಣೆಕಟ್ಟಿನ ತೂಬಿನಿಂದ ಎಡದಂಡೆಯ ಕಾಲುವೆಗೆ ಇಳಿದು, ಸಿಂಧನೂರಿನ ಯಾವನೋ ರೈತನ ಜೋಳಕ್ಕೆಂದು ಹೊರಟು, ಜೋಳವನ್ನು ಮುಟ್ಟದೆ ದಾರಿಯಲ್ಲಿಯೇ ನೆಲಕ್ಕಿಂಗಿ, ಹಳ್ಳಗಳಲ್ಲಿ ಬಸಿದು ಮರಳಿ ನದಿಗೆ ಸೇರಿದ ನೀರೂ ಇದೆ. ಅದು ಎಷ್ಟೆಂದು ಲೋಟ ಲೋಟವಾಗಿ ಬೇರ್ಪಡಿಸಿ ತೋರಿಸುವುದು ಯಾರಿಂದಲೂ ಆಗದ ಮಾತಾದರೂ, ಇದೆಯೆಂಬುದರಲ್ಲಿ ಸಂಶಯವಿಲ್ಲ.

ನೀರಾವರಿ ಇಲಾಖೆಯ ಲೆಕ್ಕದಲ್ಲಿ ಈ ನೀರು ನಷ್ಟವೆಂದು ದಾಖಲಾಗುತ್ತದೆ. ಕಾಲುವೆಯ ಕೊನೆಯಲ್ಲಿ ಕಾದು ಕುಳಿತ ಮಾನ್ವಿಯ ರೈತನಿಗೂ ಅದು ನಷ್ಟವೇ ಸರಿ. ಆದರೆ ನೂರಾರು ಮೈಲಿ ಕೆಳಗಣ ಊರಿಗೆ ಅದು ಲಾಭವಾಗಿ ಒದಗಿತು. ಇನ್ನು, ಕಾಲುವೆಯ ಬದಿಯ ಹೊಲದವನಿಗೆ ಅದು ನಷ್ಟವೂ ಅಲ್ಲದ ಲಾಭವೂ ಅಲ್ಲದ ಒಂದು ರೋಗವಾಗಿ ಬಂತೆಂಬುದನ್ನು ಮುಂದೆ ನೋಡುವೆವು. ಮಣ್ಣಿನ ಕಾಲುವೆಯಲ್ಲಿ ನೀರು ಎಷ್ಟು ಪೋಲಾಗುತ್ತದೆಂಬ ಪ್ರಶ್ನೆಯ ಬೆನ್ನಿಗೆ, ಯಾರ ಪಾಲಿನದು ಪೋಲಾಯಿತು ಮತ್ತು ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳನ್ನು ಕೇಳದ ಹೊರತು ವಿಷಯವು ಅರ್ಧವೇ ತಿಳಿದಂತೆ.

ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡಿಗರಿಗೆ 1956ರ ನವೆಂಬರ್ 1ರ ವರೆಗೆ ಹೈದರಾಬಾದೇ ರಾಜಧಾನಿ. ತುಂಗಭದ್ರಾ ಯೋಜನೆಯು ನದಿಯ ಬಲದಂಡೆಯ ಮದರಾಸು ಸರಕಾರ ಮತ್ತು ಎಡದಂಡೆಯ ನಿಜಾಮ ಸರಕಾರಗಳ ಕೂಡುಕೆಲಸ. ದಶಕಗಳ ಚರ್ಚೆ ತೀರಿ 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಅಸ್ತಿಭಾರವಿಟ್ಟು, 1953ರಲ್ಲಿ ಕಾಲುವೆಗಳಿಗೆ ನೀರು ಹರಿಸಲಾಯಿತು. ಎಡದಂಡೆಯ ಮುಖ್ಯ ಕಾಲುವೆಯು ಮುನಿರಾಬಾದಿನಿಂದ ಹೊರಟು, ಗುಡ್ಡವನ್ನು ಸುರಂಗದಿಂದ ಕೊರೆದು ದಾಟಿ, ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾಯ್ದು ರಾಯಚೂರಿನ ಕಡೆಗೆ 227 ಕಿಲೋಮೀಟರ್ ಸಾಗುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಣ, ಬರಗಾಲಕ್ಕೆ ಹೆಸರಾದ ಈ ದೋಆಬಿನಲ್ಲಿ ಆದಷ್ಟು ಹೆಚ್ಚು ಹೊಲಗಳಿಗೆ ತುಸುತುಸುವೇ ನೀರನ್ನು ಮುಟ್ಟಿಸಿ ಜೋಳ, ಹತ್ತಿ, ಶೇಂಗಾಗಳನ್ನು ಕಾಪಾಡಬೇಕೆಂಬುದು ಯೋಜಕರ ಆಶಯವಾಗಿತ್ತು. ಭತ್ತಕ್ಕೆ ಗೊತ್ತುಮಾಡಿದ ನೆಲ ಅಲ್ಪ. ತೆಳ್ಳಗೆ ಹಂಚಬೇಕಾದ ನೀರನ್ನು ದೂರ ಒಯ್ಯಬೇಕಾದಾಗ ಕಾಲುವೆ ಉದ್ದವಾಗುತ್ತದೆ, ಕವಲುಗಳು ಹೆಚ್ಚುತ್ತವೆ, ನೀರನ್ನು ಮುಟ್ಟುವ ಮಣ್ಣಿನ ಮೈ ವಿಸ್ತಾರವಾಗುತ್ತದೆ. ಇಂಗುವ ನೀರೂ ಅಷ್ಟೇ ಹೆಚ್ಚುತ್ತದೆ. ಬಡವರಿಗೆ ಹಂಚಬೇಕೆಂಬ ಸದುದ್ದೇಶಕ್ಕೂ ಸೋರಿಕೆಗೂ ಹೀಗೊಂದು ನಂಟು ಆರಂಭದಲ್ಲಿಯೇ ಬಿದ್ದಿತು.

ಸೋರಿಕೆಯ ಚಿಂತೆ ಹೊಸದೇನೂ ಅಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಮೊದಲನೆಯ ದೋಷ ಏರಿಯಿಂದ ನೀರು ಒಸರುವುದು, ಎರಡನೆಯದು ಕ್ಷಾರಭೂಮಿ, ಮೂರನೆಯದು ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು ನಾಲ್ಕನೆಯದಾದರೆ, ನೀರು ಕಡಿಮೆಯಿದ್ದು ನೆಲ ಹೆಚ್ಚಾಗಿರುವುದು ಮತ್ತು ನೀರು ಹೆಚ್ಚಿದ್ದು ನೆಲ ಕಡಿಮೆಯಾಗಿರುವುದು ಉಳಿದೆರಡು. ಈ ಪಟ್ಟಿಯನ್ನು ಓದುವಾಗ ತುಂಗಭದ್ರೆಯ ಆಯಕಟ್ಟನ್ನು ಬಲ್ಲ ಯಾರಿಗಾದರೂ ಮೈ ಜುಮ್ಮೆನ್ನದಿರದು. ಎರಡು ರಾಜ್ಯಗಳ ಗಡಿಯಲ್ಲಿಯೇ ಅಣೆಕಟ್ಟು ಎದ್ದಿತು, ನೀರಿಗಿಂತ ನೆಲವೇ ಹೆಚ್ಚಾಯಿತು, ನೀರು ಒಸರಿತು, ಒಸರಿದ ನೀರಿನಿಂದ ನೆಲ ಕ್ಷಾರವಾಯಿತು. ಶಾಸನವನ್ನು ಬರೆದವರು ಕೆರೆಯ ವಿಷಯವನ್ನು ಹೇಳಿದರೇ ಹೊರತು ಇನ್ನೂರು ಕಿಲೋಮೀಟರ್ ಕಾಲುವೆಯನ್ನು ಕಲ್ಪಿಸಿಕೊಂಡಿರಲಾರರು. ಆದರೂ ಒಸರುವ ನೀರನ್ನೂ ಕ್ಷಾರಭೂಮಿಯನ್ನೂ ಅವರು ಅಕ್ಕಪಕ್ಕದಲ್ಲಿಯೇ ಇಟ್ಟರೆಂಬುದು ನನಗೆ ಗಮನಾರ್ಹವಾಗಿ ಕಾಣುತ್ತದೆ.

ಬಿಸಿಲುಸೀಮೆಯ ಕಾಲುವೆಯನ್ನು ಕಂಡವರು ನೀರೆಲ್ಲ ಆವಿಯಾಗಿ ಹೋಗುತ್ತದೆಂದು ಸಹಜವಾಗಿಯೇ ಭಾವಿಸುವರು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನೂರು ಕಿಲೋಮೀಟರ್ ಉದ್ದದ ಒಂದು ಮಣ್ಣಿನ ಕಾಲುವೆ. ನೀರಿನ ಮೇಲ್ಮೈ 22 ಮೀಟರ್ ಅಗಲ. ತಳವನ್ನೂ ಎರಡು ಇಳಿಜಾರು ಬದಿಗಳನ್ನೂ ಕೂಡಿಸಿ ನೀರು ತಾಗುವ ಮಣ್ಣಿನ ಅಂಚು 25 ಮೀಟರ್ ಎಂದಿಟ್ಟುಕೊಳ್ಳಿ. ಕಡುಬಿಸಿಲಿನಲ್ಲಿ ದಿನಕ್ಕೆ 8 ಮಿಲಿಮೀಟರ್ ನೀರು ಆವಿಯಾಯಿತೆಂದರೂ ಇಡೀ ಕಾಲುವೆಯಿಂದ ಆಕಾಶಕ್ಕೆ ಹೋಗುವುದು ಏಳು ಕ್ಯೂಸೆಕ್ ಪ್ರವಾಹದಷ್ಟು ಮಾತ್ರ. ಇಂಗುವ ನೀರಿಗೆ ನಮ್ಮ ದೇಶದ ಎಂಜಿನಿಯರರು ಬಹುಕಾಲದಿಂದ ಹಿಡಿಯುತ್ತ ಬಂದಿರುವ ಅಂದಾಜು, ನೀರು ತಾಗಿದ ಪ್ರತಿ ಹತ್ತು ಲಕ್ಷ ಚದರ ಅಡಿ ಮಣ್ಣಿಗೆ 8 ಕ್ಯೂಸೆಕ್. ಅದರಂತೆ ಇದೇ ಕಾಲುವೆಯ ಮಣ್ಣು ಕುಡಿಯುವುದು ಸುಮಾರು 215 ಕ್ಯೂಸೆಕ್, ಎಂದರೆ ಆವಿಯ ಮೂವತ್ತು ಪಟ್ಟು. ಕಾಲುವೆ ನಾಲ್ಕು ತಿಂಗಳು ಹರಿದರೆ ಎರಡು ಟಿಎಂಸಿಗೂ ಮೀರಿದ ನೀರು ಹೀಗೆ ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣುವ ಬಿಸಿಲನ್ನು ನಾವು ದೂರುತ್ತಿರುವಾಗ ಕಾಣದ ನೆಲವು ಸದ್ದಿಲ್ಲದೆ ತನ್ನ ಪಾಲನ್ನು ತೆಗೆದುಕೊಳ್ಳುತ್ತಿರುತ್ತದೆ. ರಾತ್ರಿಯೆನ್ನದೆ, ಮೋಡವೆನ್ನದೆ, ಒಂದೇ ಸಮನೆ.

ಮಣ್ಣಿನೊಳಗೆ ನೀರು ಚಲಿಸುವ ನಿಯಮವನ್ನು ಮೊದಲು ಸ್ಪಷ್ಟವಾಗಿ ಹೇಳಿದವನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ದಿಜೋನ್ ನಗರದ ನೀರು ಸರಬರಾಜನ್ನು ಕುರಿತು 1856ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಳು ತುಂಬಿದ ಕೊಳವೆಯ ಮೂಲಕ ನೀರನ್ನು ಹಾಯಿಸಿ ನೋಡಿದ ಪ್ರಯೋಗಗಳಿಂದ, ಹರಿವು ನೀರಿನ ಎತ್ತರದ ಅಂತರಕ್ಕೆ ಅನುಲೋಮವಾಗಿಯೂ ಸಾಗಬೇಕಾದ ದೂರಕ್ಕೆ ವಿಲೋಮವಾಗಿಯೂ ಇರುವುದೆಂದು ಆತ ತೋರಿಸಿದ. ಮೂರನೆಯ ಅಂಶವೊಂದಿದೆ: ಮಣ್ಣಿನ ಸ್ವಭಾವ. ನೀರನ್ನು ಹಾಯಗೊಡುವ ಗುಣವು ಒಳ್ಳೆಯ ಜೇಡಿಗಿಂತ ದಪ್ಪ ಮರಳಿಗೆ ಲಕ್ಷ ಪಟ್ಟು ಹೆಚ್ಚಿರುವುದುಂಟು. ಪ್ರಕೃತಿಯಲ್ಲಿ ಒಂದೇ ಗುಣ ಇಷ್ಟು ದೊಡ್ಡ ವ್ಯಾಪ್ತಿಯಲ್ಲಿ ವ್ಯತ್ಯಾಸವಾಗುವ ವಸ್ತುಗಳು ವಿರಳ. ಕ್ಯಾಲಿಫೋರ್ನಿಯಾದ ನೀರಾವರಿ ಪ್ರಾಧ್ಯಾಪಕ ಎಚೆವರಿ ಕಲೆಹಾಕಿದ ಅಂಕಿಗಳಂತೆ, ಜೇಡಿಗೋಡಿನ ಕಾಲುವೆಯಲ್ಲಿ ದಿನವೊಂದಕ್ಕೆ ಕಾಲು ಅಡಿಯ ಸುಮಾರಿಗೆ ಇಂಗುವ ನೀರು, ಮರಳುಗೋಡಿನಲ್ಲಿ ಒಂದರಿಂದ ಒಂದೂವರೆ ಅಡಿಗೂ, ಗರಸಿನಲ್ಲಿ ಎರಡೂವರೆ ಅಡಿಗೂ ಮೇಲಕ್ಕೂ ಏರುತ್ತದೆ. ಆದುದರಿಂದ ಇಡೀ ಕಾಲುವೆಗೆ ಒಂದೇ ಅಂದಾಜನ್ನು ಹಚ್ಚುವುದು ಲೆಕ್ಕಕ್ಕೆ ಅನುಕೂಲವೇ ಹೊರತು ಸತ್ಯವಲ್ಲ. ಒಂದು ಕಾಲುವೆಯ ಸೋರಿಕೆಯಲ್ಲಿ ಬಹುಪಾಲು ಅದರ ಉದ್ದದ ಅಲ್ಪಭಾಗದಲ್ಲಿಯೇ, ಮರಳಿನ ಅಥವಾ ಬಿರಿದ ಬಂಡೆಯ ಕೆಲವು ತುಂಡುಗಳಲ್ಲಿಯೇ ಆಗುತ್ತಿರಬಹುದು. ಆ ತುಂಡುಗಳು ಎಲ್ಲಿವೆಯೆಂದು ಕಂಡುಹಿಡಿಯುವುದೇ ಇಲ್ಲಿನ ಮುಖ್ಯ ವಿದ್ಯೆ.

ರಾಯಚೂರು ಸೀಮೆಯ ನೆಲದಲ್ಲಿ ಕಪ್ಪು ಎರೆಯೂ ಮಸಾರಿಯೂ ಒಂದರ ಮಗ್ಗುಲಲ್ಲಿ ಒಂದು ಬರುತ್ತವೆ. ಗ್ರಾನೈಟ್ ಕಲ್ಲು ಶಿಥಿಲವಾಗಿ ಆದ ಕೆಂಪು ಮಸಾರಿಯು ನೀರನ್ನು ಬೇಗನೆ ಬಿಟ್ಟುಕೊಡುತ್ತದೆ. ಎರೆಮಣ್ಣಿನ ನಡತೆಯೇ ಬೇರೆ. ಅದರಲ್ಲಿರುವ ಜೇಡಿಯ ಸೂಕ್ಷ್ಮ ಹಾಳೆಗಳು ನೀರನ್ನು ತಮ್ಮ ನಡುವೆ ಸೇರಿಸಿಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಬರಿದಾದ ಎರೆಯ ಕಾಲುವೆಯೊಳಗೆ ಇಳಿದು ನೋಡಿದರೆ ಬದಿಗಳಲ್ಲಿ ಬೆರಳು ತೂರುವಷ್ಟು, ಕೆಲವೆಡೆ ಅಂಗೈ ಹೋಗುವಷ್ಟು ಅಗಲದ ಬಿರುಕುಗಳು ಕಾಣುತ್ತವೆ. ಕಡ್ಡಿಯಿಳಿಸಿದರೆ ಮೊಳಕ್ಕೂ ಹೆಚ್ಚು ಒಳಗೆ ಹೋಗುತ್ತದೆ. ನೀರು ಬಿಟ್ಟ ಮೊದಲ ದಿನಗಳಲ್ಲಿ ಆ ಬಿರುಕುಗಳೆಲ್ಲ ಕಾಲುವೆಗಳೇ. ಮುಂದಿನ ಹಳ್ಳಿಗೆ ನೀರು ಮುಟ್ಟಲು ಗೊತ್ತುಪಡಿಸಿದ ದಿನ ಕಳೆದರೂ ಮುಟ್ಟದೆ ಇರುವುದಕ್ಕೆ ನೀರುಗಂಟಿಯನ್ನೋ ಮೇಲಿನ ಊರಿನವರನ್ನೋ ಬಯ್ಯುವಾಗ ಈ ಬಿರುಕುಗಳನ್ನೂ ನೆನೆಯುವುದು ನ್ಯಾಯ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಎರೆಯಷ್ಟು ನೀರು ಹಿಡಿಯುವ ಮಣ್ಣು ಇನ್ನೊಂದಿಲ್ಲ. ಹೊಸ ಮಡಕೆಯು ಮೊದಲೆರಡು ದಿನ ಒಸರಿ ಆಮೇಲೆ ಬಿಗಿಯುವಂತೆ, ಮಣ್ಣಿನ ಕಾಲುವೆಯೂ ಬಳಕೆಯಲ್ಲಿ ಬಿಗಿಯುತ್ತದೆ.

ಬಿಗಿಯುವುದಕ್ಕೆ ಇನ್ನೊಂದು ಸಹಾಯ ಹೂಳಿನದು. ನದಿಯು ಹೊತ್ತು ತರುವ ನಯವಾದ ಕೆಸರು ಕಾಲುವೆಯ ತಳದ ರಂಧ್ರಗಳಲ್ಲಿ ಕೂತು ತೆಳುವಾದ ಒಂದು ಲೇಪವಾಗುತ್ತದೆ. ಇದೇ ತುಂಗಭದ್ರೆಗೆ ವಿಜಯನಗರದ ಅರಸರು ಕಟ್ಟಿಸಿದ ಅಣೆಗಳಿಂದ ಹೊರಟ ಕಾಲುವೆಗಳು, ಹಂಪೆಯ ನಡುವೆ ಹಾಯುವ ತುರ್ತು ಕಾಲುವೆಯೂ ಸೇರಿದಂತೆ, ಶತಮಾನಗಳ ಕಾಲ ಮಳೆಗಾಲದ ಕೆಂಪು ನೀರನ್ನು ಕುಡಿದು ಈ ಲೇಪವನ್ನು ಪಡೆದವು. ಎತ್ತರದ ಅಣೆಕಟ್ಟಿನ ಹಿಂದೆ ನಿಂತ ನೀರಾದರೋ ತನ್ನ ಹೂಳನ್ನು ಜಲಾಶಯದಲ್ಲಿಯೇ ಕಳಚಿಟ್ಟು ತಿಳಿಯಾಗಿ ಹೊರಬರುತ್ತದೆ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು 2016ರ ಅಳತೆಯಂತೆ 105.788 ಟಿಎಂಸಿಗೆ ಇಳಿಯಿತಲ್ಲ, ಆ ಜಾಗದಲ್ಲಿ ಕೂತಿರುವ ಹೂಳಿನ ನಯವಾದ ಭಾಗ, ಹಿಂದಿನ ಕಾಲದ ಅಣೆಯಾಗಿದ್ದರೆ ಕಾಲುವೆಗಳ ತಳಕ್ಕೂ ಹೊಲಗಳಿಗೂ ಹೋಗತಕ್ಕದ್ದಾಗಿತ್ತು. ಜಲಾಶಯವೂ ಬಡವಾಯಿತು, ಕಾಲುವೆಯೂ ತನ್ನ ಲೇಪವನ್ನು ಕಳೆದುಕೊಂಡಿತು.

ನಷ್ಟದ ಲೆಕ್ಕವನ್ನು ಕಾಲುವೆಯ ಅಂಗಾಂಗಗಳಿಗೆ ಹಂಚಿ ತೋರಿಸಿದ ಪ್ರಸಿದ್ಧ ಅಧ್ಯಯನವು 1880ರ ದಶಕದ ಪಂಜಾಬಿನದು. ಬಾರಿ ದೋಆಬ್ ಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಕೆನೆಡಿ, ಮುಂದೆ 1895ರಲ್ಲಿ ಹೂಳು ಮತ್ತು ಪ್ರವಾಹವೇಗಗಳ ಸಂಬಂಧವನ್ನು ಕುರಿತ ಸೂತ್ರದಿಂದ ಖ್ಯಾತನಾದವನು, ಕಾಲುವೆಯ ತಲೆಯಲ್ಲಿ ಹೊರಟ ನೂರು ಪಾಲು ನೀರಿನ ಗತಿಯನ್ನು ಬೆನ್ನಟ್ಟಿ ಹೋದ. ಮುಖ್ಯ ಕಾಲುವೆ ಮತ್ತು ಅದರ ಶಾಖೆಗಳಲ್ಲಿ 20 ಪಾಲು ಹೋಯಿತು; ವಿತರಣಾ ಕಾಲುವೆಗಳಲ್ಲಿ 6; ಊರಿನವರ ಹೊಲಗಾಲುವೆಗಳಲ್ಲಿ 21. ಹೊಲವನ್ನು ಮುಟ್ಟಿದ್ದು 53 ಪಾಲು. ಈ ಅಂಕಿಗಳಲ್ಲಿ ಎಲ್ಲರ ಕಣ್ಣು ಸಾಮಾನ್ಯವಾಗಿ ಕೊನೆಯದರ ಮೇಲೆ, ಅರ್ಧದಷ್ಟು ನೀರು ಹೋಯಿತಲ್ಲಾ ಎಂಬುದರ ಮೇಲೆ ಬೀಳುತ್ತದೆ. ನನಗೆ ಅತ್ಯಂತ ಮುಖ್ಯವಾಗಿ ತೋರುವುದು ಆ ಇಪ್ಪತ್ತೊಂದು. ಹಡಗು ತೇಲಿಸಬಹುದಾದಷ್ಟು ದೊಡ್ಡ ಮುಖ್ಯ ಕಾಲುವೆ ತನ್ನ ಶಾಖೆಗಳೊಡಗೂಡಿ ಎಷ್ಟು ನೀರನ್ನು ಕಳೆಯಿತೋ, ಒಂದು ಹೆಜ್ಜೆಯಲ್ಲಿ ದಾಟಬಹುದಾದ ಹೊಲಗಾಲುವೆಗಳು ಕೂಡಿ ಅದಕ್ಕಿಂತ ಒಂದು ಪಾಲು ಹೆಚ್ಚೇ ಕಳೆದವು. ಮುಖ್ಯ ಕಾಲುವೆಗೆ ಎಂಜಿನಿಯರನುಂಟು, ಬಜೆಟ್ಟುಂಟು, ಉದ್ಘಾಟನೆಯ ಕಲ್ಲೂ ಉಂಟು. ಹೊಲಗಾಲುವೆಗೆ ಇವೊಂದೂ ಇಲ್ಲ.

ಚಿಕ್ಕ ಕಾಲುವೆಗಳ ಈ ದೊಡ್ಡ ನಷ್ಟಕ್ಕೆ ಗಣಿತವು ಸಮರ್ಥನೆ ಕೊಡುತ್ತದೆ. ಕಾಲುವೆ ಚಿಕ್ಕದಾದಂತೆ ಅದರಲ್ಲಿ ಹರಿಯುವ ನೀರಿನ ಪ್ರಮಾಣ ಬೇಗನೆ ಕುಗ್ಗುತ್ತದೆ. ನೀರನ್ನು ತಾಗುವ ಮಣ್ಣಿನ ಅಂಚಾದರೋ ಅಷ್ಟು ಬೇಗ ಕುಗ್ಗದು. ಒಂದು ದೊಡ್ಡ ಕಾಲುವೆಯ ನೀರನ್ನು ನೂರು ಚಿಕ್ಕ ಕಾಲುವೆಗಳಿಗೆ ಒಡೆದು ಹಾಕಿದರೆ ಒಂದೊಂದು ಹನಿಗೆ ಸಿಗುವ ಮಣ್ಣಿನ ಸಂಪರ್ಕ ಬಹುಪಟ್ಟಾಗುತ್ತದೆ. ಮೇಲಾಗಿ, ಮುಖ್ಯ ಕಾಲುವೆಯು ತಿಂಗಳುಗಟ್ಟಲೆ ಎಡೆಬಿಡದೆ ತುಂಬಿ ಹರಿದು ತನ್ನ ಬಿರುಕುಗಳನ್ನು ಮುಚ್ಚಿಕೊಂಡಿರುತ್ತದೆ. ಹೊಲಗಾಲುವೆಯು ಸರದಿ ಬಂದಾಗ ನಾಲ್ಕು ದಿನ ಹರಿದು, ಹತ್ತು ದಿನ ಒಣಗಿ, ಮತ್ತೆ ಬಿರಿದು, ಮತ್ತೆ ಕುಡಿಯುತ್ತದೆ. ಅದರ ಏರಿಯೆಂದರೆ ಸಲಿಕೆಯಿಂದ ಎಳೆದು ಹಾಕಿದ ಸಡಿಲ ಮಣ್ಣು. ಅದರ ಮೇಲೆ ಎಮ್ಮೆ ನಡೆದ ಕಡೆ ಗೊರಸಿನ ಗುಣಿ. ನೀರಿನ ಮಟ್ಟಕ್ಕೆ ಸರಿಯಾಗಿ ಏಡಿ ಕೊರೆದ ತೂತು. ಕೆಳಗಿನ ಬದಿಯಲ್ಲಿ ಹೆಗ್ಗಣದ ಬಿಲದ ಬಾಯಿ. ಏಡಿಯ ತೂತು ಮೇಲುನೋಟಕ್ಕೆ ಒಂದು ರೂಪಾಯಿ ನಾಣ್ಯದಷ್ಟು. ಅದರಿಂದ ಹೊರಟ ನೀರು ಆಚೆ ಬದಿಯಲ್ಲಿ ಹುಲ್ಲನ್ನು ಹಸಿರಾಗಿಟ್ಟು, ಹಗಲೂ ರಾತ್ರಿ ಸದ್ದಿಲ್ಲದೆ ಹರಿಯುತ್ತ, ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತೊಯ್ದು ತೂತನ್ನು ಅಗಲ ಮಾಡುತ್ತ, ಒಂದು ದಿನ ಏರಿಯನ್ನೇ ಒಡೆಯುತ್ತದೆ. ಅದನ್ನು ಮುಚ್ಚಲು ಒಂದು ಹೆಡಿಗೆ ಜಿಗುಟು ಮಣ್ಣು ಸಾಕು. ಆದರೆ ತೂತು ಇರುವುದು ಮೇಲಿನ ರೈತನ ಹೊಲದ ಬದಿಯಲ್ಲಿ, ನೀರು ತಪ್ಪುವುದು ಕೆಳಗಿನ ರೈತನಿಗೆ.

ನಷ್ಟವನ್ನು ಅಳೆಯುವುದು ಹೇಗೆ? ಎಡದಂಡೆ ಕಾಲುವೆಯ ರೈತರು ಇಂದಿಗೂ ಮೈಲಿಯ ಲೆಕ್ಕದಲ್ಲಿಯೇ ಮಾತನಾಡುತ್ತಾರೆ: ಮೈಲ್ 69ರಲ್ಲಿ ಗೇಜ್ ಎಷ್ಟು, ಮೈಲ್ 104ರಲ್ಲಿ ಗೇಜ್ ಎಷ್ಟು ಎಂಬುದೇ ರಾಯಚೂರು, ಮಾನ್ವಿ, ಸಿರವಾರಗಳ ಹೋರಾಟಗಳ ಘೋಷಣೆ. ಮೇಲಿನ ಗೇಜಿನಲ್ಲಿ ಹೋದ ನೀರಿನಿಂದ ಕೆಳಗಿನ ಗೇಜಿಗೆ ಬಂದ ನೀರನ್ನೂ ನಡುವಣ ತೂಬುಗಳಿಗೆ ಕೊಟ್ಟ ನೀರನ್ನೂ ಕಳೆದರೆ ಉಳಿದದ್ದು ನಷ್ಟವೆಂಬುದು ಸರಳವಾದ ವಿಧಾನ. ಆದರೆ ಗೇಜ್ ತೋರಿಸುವುದು ಆಳವನ್ನು, ಪ್ರವಾಹವನ್ನಲ್ಲ. ಜಂಡು ಬೆಳೆದು ಹರಿವು ತಡೆದರೆ ನೀರು ಕಡಿಮೆಯಿದ್ದೂ ಆಳ ಹೆಚ್ಚು ಕಾಣುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಎರಡು ಗೇಜುಗಳ ನಡುವೆ ಕಾಲುವೆಗೆ ಪಂಪು ಹಚ್ಚಿ ಅನಧಿಕೃತವಾಗಿ ಎತ್ತಿದ ನೀರೂ ಲೆಕ್ಕದಲ್ಲಿ ಇಂಗಿದ ನೀರಾಗಿಯೇ ಕಾಣುತ್ತದೆ. ಕಳವಿಗೂ ಸೋರಿಕೆಗೂ ಒಂದೇ ಕಾಲಂ ಇರುವವರೆಗೆ, ಕಳವನ್ನು ತಡೆಯಬೇಕಾದಲ್ಲಿ ಸಿಮೆಂಟು ಸುರಿಯುವುದೂ, ಸಿಮೆಂಟು ಬೇಕಾದಲ್ಲಿ ಪೊಲೀಸರನ್ನು ಕಳುಹಿಸುವುದೂ ನಡೆದೇ ಇರುತ್ತದೆ.

ನಿಜವಾಗಿ ಇಂಗುವುದೆಷ್ಟೆಂದು ತಿಳಿಯಲು ನಂಬಬಹುದಾದ ವಿಧಾನವೆಂದರೆ ನೀರನ್ನು ನಿಲ್ಲಿಸಿ ನೋಡುವುದು. ಕಾಲುವೆ ಬಂದಾದ ಮೇಲೆ ಒಂದು ತುಂಡಿನ ಎರಡು ಕೊನೆಗಳಿಗೂ ಅಡ್ಡ ಒಡ್ಡು ಹಾಕಿ, ಎಂದಿನ ಮಟ್ಟಕ್ಕೆ ನೀರು ತುಂಬಿಸಿ, ಮಟ್ಟವು ಗಂಟೆಗಂಟೆಗೆ ಎಷ್ಟು ಇಳಿಯಿತೆಂದು ಕೊಕ್ಕೆಯ ತುದಿಯುಳ್ಳ ಮಾಪಕದಿಂದ ಅಳೆಯುತ್ತಾರೆ. ಪಕ್ಕದಲ್ಲಿ ಒಂದು ಹರಿವಾಣದಲ್ಲಿ ನೀರಿಟ್ಟು ಆವಿಯಾದದ್ದನ್ನು ಕಳೆಯುತ್ತಾರೆ. ಬೇಸರದ ಕೆಲಸ, ನಿದ್ದೆಗೆಟ್ಟು ಕಂದೀಲಿನ ಬೆಳಕಿನಲ್ಲಿ ಮಿಲಿಮೀಟರುಗಳನ್ನು ಓದಬೇಕಾದ ಕೆಲಸ. ಆದರೆ ಮೈಲಿಗೊಂದರಂತೆ ಹೀಗೆ ಮಾಡಿದ ಪರೀಕ್ಷೆಗಳು ಯಾವ ತುಂಡು ಸೋರುತ್ತದೆ, ಯಾವುದು ಸೋರದು ಎಂಬುದನ್ನು ವಾದಕ್ಕೆಡೆಯಿಲ್ಲದಂತೆ ಹೇಳಿಬಿಡುತ್ತವೆ.

ಇಂಗಿದ ನೀರು ಹೋದದ್ದೆಲ್ಲಿಗೆ? ಒಂದಂಶ ಅಂತರ್ಜಲವನ್ನು ಸೇರುತ್ತದೆ. ಮಸಾರಿಯ ನೆಲದಲ್ಲಿ ಬಾವಿಯಿದ್ದವನು ಇದನ್ನು ಮೇಲೆತ್ತಿ ಬೆಳೆ ತೆಗೆಯಬಲ್ಲ. ಆತನಿಗೆ ಕಾಲುವೆ ಸೋರುವುದು ವರ. ಎರೆಯ ತಗ್ಗಿನಲ್ಲಿ ಹಾಗಲ್ಲ. ಅಲ್ಲಿ ನೀರು ಕೆಳಗೂ ಇಳಿಯದೆ ಪಕ್ಕಕ್ಕೂ ಹರಿಯದೆ ಮಟ್ಟವೇರಿ ನಿಲ್ಲುತ್ತದೆ. ನೆಲದಿಂದ ಒಂದೆರಡು ಮೀಟರಿನೊಳಗೆ ನೀರು ಬಂದಿತೆಂದರೆ, ಮಣ್ಣಿನ ಸೂಕ್ಷ್ಮ ರಂಧ್ರಗಳ ಆಕರ್ಷಣೆಯಿಂದ ಅದು ತಾನೇ ತಾನಾಗಿ ಮೇಲಕ್ಕೇರಿ, ಬಿಸಿಲಿಗೆ ಆವಿಯಾಗಿ, ತನ್ನಲ್ಲಿ ಕರಗಿದ್ದ ಲವಣವನ್ನು ಮಾತ್ರ ಮೇಲ್ಪದರದಲ್ಲಿ ಬಿಟ್ಟು ಹೋಗುತ್ತದೆ. ಇದು ದಿನದಿನವೂ ವರ್ಷವರ್ಷವೂ ನಡೆದು ನೆಲವು ಬೆಳ್ಳಗೆ ಹೂತು ಸವಳಾಗುತ್ತದೆ; ನೀರು ನಿಂತೇ ಇದ್ದಲ್ಲಿ ಜವಳಾಗುತ್ತದೆ. ಗಂಗಾವತಿ, ಸಿಂಧನೂರುಗಳ ಕಡೆ ಮೇಲ್ಭಾಗದ ರೈತರು ಜೋಳದ ಬದಲು ಭತ್ತವನ್ನೇ ಹಿಡಿದದ್ದೂ, ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತದ್ದೂ ಇದಕ್ಕೆ ದೊಡ್ಡ ಕಾರಣವಾದರೂ, ಕಾಲುವೆಗಳ ಬಸಿನೀರೂ ತನ್ನ ಪಾಲು ಸೇರಿಸಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನೆಲದೊಳಗೆ ತೂತುಳ್ಳ ಕೊಳವೆಗಳನ್ನು ಹೂಳಿ ಈ ನೀರನ್ನೂ ಉಪ್ಪನ್ನೂ ಹೊರಕ್ಕೆ ಬಸಿಯುವ ಪ್ರಯೋಗಗಳನ್ನು ಮಾಡಿ, ಕೆಟ್ಟ ನೆಲವು ಮತ್ತೆ ಫಲ ಕೊಡುವುದನ್ನು ತೋರಿಸಿದ್ದಾರೆ. ಕಾಲುವೆ ತೋಡಿದಾಗಲೇ ಬಸಿಗಾಲುವೆಯನ್ನೂ ತೋಡಿದ್ದರೆ ಇಷ್ಟು ಕಷ್ಟ ಬೇಕಾಗುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನೊಂದಂಶ ಮಸ್ಕಿ ಹಳ್ಳದಂತಹ ಹಳ್ಳಗಳ ಮೂಲಕ ನದಿಗೆ ಮರಳುತ್ತದೆ. ಇದನ್ನು ನ್ಯಾಯಮಂಡಳಿಯೇ ಲೆಕ್ಕಕ್ಕೆ ತಂದುಕೊಂಡದ್ದು ಕುತೂಹಲಕರ. ನ್ಯಾಯಮೂರ್ತಿ ಬಚಾವತ್ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ನದಿಯ 2060 ಟಿಎಂಸಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿದ ಮೇಲೆ, ನೀರಾವರಿಯಿಂದ ಹೀಗೆ ಮರಳಿ ಬರುವ ನೀರೆಂದು ಇನ್ನೂ 70 ಟಿಎಂಸಿಯನ್ನು ಎಣಿಸಿ, ಅದರಲ್ಲಿ ಮಹಾರಾಷ್ಟ್ರಕ್ಕೆ 25, ಕರ್ನಾಟಕಕ್ಕೆ 34, ಆಂಧ್ರಪ್ರದೇಶಕ್ಕೆ 11 ಕೊಟ್ಟಿತು. ಕರ್ನಾಟಕದ 700 ಟಿಎಂಸಿ 734 ಆದದ್ದು ಹೀಗೆ. ಒಂದು ಹೊಲದ ನಷ್ಟವು ಇನ್ನೊಂದು ಹೊಲದ ಹಕ್ಕಾಗಿ ತೀರ್ಪಿನಲ್ಲಿ ಬರೆಯಲ್ಪಟ್ಟಿತು. ಇದನ್ನು ಬಲ್ಲವನು ಸೋರಿಕೆಯನ್ನೆಲ್ಲ ತಡೆದರೆ ಅಷ್ಟೂ ನೀರು ಹೊಸದಾಗಿ ದೊರೆಯುವುದೆಂದು ಹೇಳುವ ಮುನ್ನ ಒಂದು ಕ್ಷಣ ನಿಲ್ಲುತ್ತಾನೆ.

ಅಮೆರಿಕದಲ್ಲಿ ಈ ಪ್ರಶ್ನೆ ದೇಶದೇಶಗಳ ನಡುವಣ ವ್ಯಾಜ್ಯವೇ ಆಯಿತು. ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿ, ಮೆಕ್ಸಿಕೋ ಗಡಿಯುದ್ದಕ್ಕೂ ಮರಳಿನಲ್ಲಿ ಸಾಗುವ ಆಲ್ ಅಮೆರಿಕನ್ ಕಾಲುವೆಯಿಂದ ಇಂಗಿದ ನೀರು ಗಡಿಯಾಚೆ ಮೆಕ್ಸಿಕಾಲಿ ಕಣಿವೆಯ ಬಾವಿಗಳನ್ನು ದಶಕಗಳ ಕಾಲ ತುಂಬುತ್ತಿತ್ತು. 23 ಮೈಲಿ ಉದ್ದಕ್ಕೆ ಕಾಂಕ್ರೀಟಿನ ಹೊಸ ಕಾಲುವೆ ಕಟ್ಟಿ 2009ರಲ್ಲಿ ಸೋರಿಕೆಯನ್ನು ನಿಲ್ಲಿಸಿದಾಗ ವರ್ಷಕ್ಕೆ ನಮ್ಮ ಲೆಕ್ಕದ ಸುಮಾರು 3 ಟಿಎಂಸಿ ನೀರು ಕ್ಯಾಲಿಫೋರ್ನಿಯಾಕ್ಕೆ ಉಳಿಯಿತು; ಆಚೆಯ ರೈತರ ಬಾವಿಗಳಿಗೆ ಅಷ್ಟು ನೀರು ತಪ್ಪಿತು. ಕೋರ್ಟು ಕಚೇರಿಗಳಲ್ಲಿ ವಾದಿಸಿಯೂ ಅವರಿಗೆ ಅದು ದಕ್ಕಲಿಲ್ಲ.

ಸೋರಿಕೆಗೆ ಕಾಲುವೆಯ ಒಳಮೈಯ ಹೊದಿಕೆಯು ಎಂಜಿನಿಯರರ ಸಿದ್ಧೌಷಧ. 1930ರ ದಶಕದ ಕೊನೆಯಲ್ಲಿ ಪಂಜಾಬಿನ ಹವೇಲಿ ಕಾಲುವೆಗೆ ದೊಡ್ಡ ಪ್ರಮಾಣದಲ್ಲಿ ಮಾಡಿದ ಮೇಲೆ ಅದು ನಮ್ಮ ದೇಶದಲ್ಲಿ ರೂಢಿಗೆ ಬಂತು. ಹತ್ತು ಲಕ್ಷ ಚದರ ಅಡಿಗೆ 8 ಕ್ಯೂಸೆಕ್ ಇಂಗುವಲ್ಲಿ ಹೊದಿಕೆಯಾದ ಕಾಲುವೆಗೆ 2 ಕ್ಯೂಸೆಕ್ ಎಂದು ಹಿಡಿಯುವುದು ವಾಡಿಕೆ. ಆದರೆ ಎರೆನಾಡಿನಲ್ಲಿ ಕಾಂಕ್ರೀಟು ನಿಲ್ಲಲಿಲ್ಲ. ಒದ್ದೆಯಾಗಿ ಉಬ್ಬಿದ ಎರೆಯು ಹಲಗೆಗಳನ್ನು ಒಳಗಿನಿಂದ ಒದೆಯಿತು. ಕಾಲುವೆ ಬರಿದಾದಾಗ ಹಿಂದೆ ನಿಂತ ನೀರಿನ ಒತ್ತಡವೂ ಸೇರಿ ಅವು ಎದ್ದು ಬಿರಿದವು. ಮುಂಬಯಿಯ ಐಐಟಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಈ ಕಷ್ಟವನ್ನು ಎತ್ತಿಕೊಂಡು, ಎರೆಗೂ ಹೊದಿಕೆಗೂ ನಡುವೆ ಉಬ್ಬದ, ಆದರೆ ಅಂಟುಗುಣವುಳ್ಳ ಮರಂ ಮಣ್ಣಿನ ದಪ್ಪನೆಯ ಪದರವೊಂದನ್ನು ದಮ್ಮಸು ಮಾಡಿ ಹಾಸಿದರೆ ಎರೆಯ ಉಬ್ಬುವಿಕೆ ಅಡಗುವುದೆಂದು ತೋರಿಸಿದರು. ಮಲಪ್ರಭಾ ಬಲದಂಡೆ ಕಾಲುವೆಯು ಈ ಉಪಾಯವು ಪರೀಕ್ಷೆಗೆ ಬಂದ ಮುಖ್ಯ ಕ್ಷೇತ್ರಗಳಲ್ಲೊಂದು. ಇಂದು ದೇಶದ ಎರೆನೆಲದ ಕಾಲುವೆಗಳಿಗೆಲ್ಲ ಇದೇ ಮಾದರಿ. ಮಣ್ಣಿನ ಉಪದ್ರವಕ್ಕೆ ಮಣ್ಣನ್ನೇ ಮದ್ದಾಗಿ ಕೊಟ್ಟ ಈ ಕೆಲಸವು ಕನ್ನಡನಾಡಿನಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿದಿರಬೇಕಾಗಿತ್ತು.

ಹೊದಿಕೆಯು ಎಲ್ಲೆಡೆಯೂ ಬೇಕೆಂದಾಗಲಿ ಎಲ್ಲಿಯೂ ಬೇಡವೆಂದಾಗಲಿ ಹೇಳುವುದು ನನಗೆ ಸಮ್ಮತವಿಲ್ಲ. ನೀರು ನಿಲ್ಲಿಸಿ ಅಳೆದು ಸೋರುವ ತುಂಡೆಂದು ಗೊತ್ತಾದಲ್ಲಿ, ವಿಶೇಷವಾಗಿ ಕೆಳಗೆ ಜವಳಾಗುತ್ತಿರುವ ಎರೆಯಿದ್ದಲ್ಲಿ, ಹೊದಿಕೆ ಮೊದಲು ಬರಬೇಕು; ಇಂಗಿದ ನೀರನ್ನು ಬಾವಿಗಳು ಎತ್ತಿಕೊಳ್ಳುತ್ತಿರುವ ಮಸಾರಿಯಲ್ಲಿ ಅದು ಕೊನೆಗೆ ಬಂದರೂ ಚಿಂತೆಯಿಲ್ಲ. ಎಲ್ಲಕ್ಕಿಂತ ಮುಂಚೆ ತೂಬಿನ ಕೆಳಗಿನ ಹೊಲಗಾಲುವೆಗಳು. 1974ರಲ್ಲಿ ಆರಂಭವಾದ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮವು ಇವುಗಳನ್ನು ಸರಕಾರದ ಹಣದಿಂದ ಕಟ್ಟಿಸಲು ತೊಡಗಿತು. ಕಟ್ಟಿದ್ದನ್ನು ಕಾಪಾಡುವವರಿಲ್ಲದೆ ಹಲವೆಡೆ ಅವು ಮತ್ತೆ ಮಣ್ಣಾದವು. ಬೇಸಗೆಯಲ್ಲಿ ಕಾಲುವೆ ಬಂದಾಗಿ ಮುಂಗಾರಿನಲ್ಲಿ ಮತ್ತೆ ನೀರು ಬಿಡುವವರೆಗೆ ವರ್ಷಕ್ಕೆ ಕೆಲವು ವಾರಗಳ ಬಿಡುವುಂಟು. ಮೈಲಿಗೊಂದು ಪರೀಕ್ಷೆಯ ಒಡ್ಡು, ತೂಬಿಗೊಂದು ಪ್ರವಾಹ ಅಳೆಯುವ ಕಲ್ಲು, ಹೊಲಗಾಲುವೆಯ ಏಡಿಗುಂಡಿಗಳಿಗೆ ಕಲಸಿದ ಜೇಡಿ, ಇವಿಷ್ಟಕ್ಕೂ ಆ ವಾರಗಳೇ ಸಮಯ; ಮಾನ್ವಿ, ಸಿರವಾರಗಳ ಕೊನೆಯ ತೂಬಿನ ರೈತರನ್ನು ಮೇಲ್ಭಾಗದ ಈ ಕೆಲಸಗಳ ತನಿಖೆಗೆ ಅಧಿಕಾರ ಕೊಟ್ಟು ಕಳುಹಿಸಬೇಕು, ಏಕೆಂದರೆ ಒಂದು ಹೆಡಿಗೆ ಮಣ್ಣು ಬಿದ್ದಿತೋ ಇಲ್ಲವೋ ಎಂಬುದು ಮೊದಲು ತಿಳಿಯುವುದು ಅವರ ಹೊಲದಲ್ಲಿ.